ಎರಡು ಕಿಲೋ ನೆಲ್ಲಿಕಾಯಿ: ದೀಪಕ್ಕೆಷ್ಟು, ಮದ್ದಿಗೆಷ್ಟು, ಜಾಡಿಗೆಷ್ಟು?

ಪ್ರಶ್ನೆ: ತುಳಸಿ ಹಬ್ಬಕ್ಕೆಂದು ಗಾಂಧಿ ಬಜಾರಿನಿಂದ ಎರಡು ಕಿಲೋ ನೆಲ್ಲಿಕಾಯಿ ತಂದಿದ್ದೇನೆ. ನೆಲ್ಲಿಕಾಯಿ ದೀಪ ಹಚ್ಚಿದರೆ ತುಪ್ಪ ಸೋರಿ, ಚಟಪಟ ಸಿಡಿದು ಆರಿಹೋಗುತ್ತದೆ. ಅತ್ತೆಯವರು ಉಪ್ಪುನೀರಿಗೆ ಹಾಕಿಟ್ಟ ಕಾಯಿಯ ಮೇಲೆ ಬಿಳಿ ಪೊರೆ ಕಟ್ಟಿದೆ, ಚೆಲ್ಲಬೇಕೇ? ಮಾವನವರಿಗೆ ಸಕ್ಕರೆ ಕಾಯಿಲೆ ಇದೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ದಿನಾ ನೆಲ್ಲಿ ರಸ ಕೊಡಬಹುದೇ? ಭಾನುವಾರ ತಿನ್ನಬಾರದು, ರಾತ್ರಿ ತಿನ್ನಬಾರದು ಅನ್ನುವುದಕ್ಕೆ ಕಾರಣವೇನು? ಸಂಪಿಗೆ ನೆಲ್ಲಿ ಕೊಂಬೆ ಹಾಕಿದರೆ ಬೋರ್ ನೀರು ಸಿಹಿಯಾಗುತ್ತದೆಯೇ? ಉಳಿದ ಕಾಯಿಯನ್ನು ಯುಗಾದಿವರೆಗೆ ಇಟ್ಟುಕೊಳ್ಳುವುದು ಹೇಗೆ? (ಗೃಹಿಣಿ, ವಿಜಯನಗರ, ಬೆಂಗಳೂರು)

ಉತ್ತರ: ನಿಮ್ಮ ಅಷ್ಟೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ನೆಲ್ಲಿಕಾಯಿಯ ಶಕ್ತಿಯೆಲ್ಲ ಅದರ ಹುಳಿ ಮತ್ತು ಒಗರಿನಲ್ಲಿದೆ. ಹುಳಿ ಬರುವುದು ಆಮ್ಲಗಳಿಂದ, ಅದರಲ್ಲಿ ಸಿ ಜೀವಸತ್ವವೂ ಸೇರಿದೆ. ಒಗರು ಬರುವುದು ಟ್ಯಾನಿನ್‌ಗಳಿಂದ. ಕಾಯಿ ಕಪ್ಪಾಗುವುದು, ಕೂದಲೆಣ್ಣೆ ಕಪ್ಪಗಾಗುವುದು, ಮಾತ್ರೆಯ ಜೊತೆ ತಕರಾರು, ತಿಂದ ಮೇಲೆ ನೀರು ಸಿಹಿಯಾಗುವುದು ಎಲ್ಲದರಲ್ಲೂ ಇವೆರಡರ ಕೈವಾಡವಿದೆ. ಆದ್ದರಿಂದ ಒಗರನ್ನು ಪೂರ್ತಿ ತೆಗೆದುಹಾಕುವ ಯಾವ ಅಡುಗೆಯನ್ನೂ ನಾವು ಹೇಳುವುದಿಲ್ಲ. ಒಗರು ಹೋದ ನೆಲ್ಲಿಕಾಯಿಯಲ್ಲಿ ನೆಲ್ಲಿಕಾಯಿ ತಿಂದ ಪ್ರಯೋಜನವೂ ಅರ್ಧ ಹೋಗುತ್ತದೆ.

ಮೊದಲು ತಂದ ಕಾಯಿಯನ್ನು ನೋಡಿ. ಮಾರ್ಕೆಟ್ಟಿನಲ್ಲಿ ಎರಡು ಬಗೆ ಸಿಗುತ್ತದೆ. ನಿಂಬೆಹಣ್ಣಿನಷ್ಟು ದಪ್ಪಗೆ, ತಿಳಿ ಹಸಿರಾಗಿ, ನಯವಾಗಿರುವುದು ತೋಟದ ಕಸಿ ತಳಿ: ಎನ್‌ಎ-7, ಚಕೈಯಾ, ಕೃಷ್ಣ, ಕಾಂಚನ್ ಇತ್ಯಾದಿ. ಒಂದು ಕಿಲೋಗೆ 25ರಿಂದ 30 ಕಾಯಿ ತೂಗುತ್ತವೆ. ಗೋಲಿಗಿಂತ ತುಸು ದೊಡ್ಡದಾಗಿ, ಹಳದಿ ಮಿಶ್ರಿತ ಹಸಿರಾಗಿ, ನಾರು ಜಾಸ್ತಿ ಇರುವುದು ಬೆಟ್ಟದ ನೆಲ್ಲಿ. ದೀಪಕ್ಕೆ, ತುರಿಯುವುದಕ್ಕೆ, ಮೊರಬ್ಬಕ್ಕೆ ತೋಟದ್ದು ಒಳ್ಳೆಯದು. ಜಜ್ಜಿ, ತಟ್ಟಿ ಒಣಗಿಸುವ ಚಟ್ಟಿಗೆ, ಉಪ್ಪುನೀರಿಗೆ, ಪುಡಿಗೆ ಬೆಟ್ಟದ್ದೇ ಸರಿ, ಅದರಲ್ಲಿ ಒಗರು ಗಟ್ಟಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಈ ಕಾಯಿ ಕೊಯ್ಯುತ್ತ ಬಂದವರು. ಮರದ ಮೇಲೆ ಬೆಳೆದು ಅದರ ಸತ್ವ ಹೀರುವ ಬದನಿಕೆಗೆ ಅವರು ಉಪ್ಪಿಲು ಅನ್ನುತ್ತಾರೆ. ನೆಲ್ಲಿ ಮರಕ್ಕೆ ಅದೊಂದು ದೊಡ್ಡ ಶತ್ರು.

ಕೊಳ್ಳುವಾಗ ಒಂದು ಕಾಯಿ ಕುಯ್ದು ತೋರಿಸಲು ಕೇಳಿ. ಮೇಲೆ ಲಕಲಕ ಹೊಳೆಯುವ ಕಾಯಿಯ ಒಳಗೆ ಬೀಜದ ಸುತ್ತ ಕಂದು ಅಥವಾ ಕಪ್ಪು ತಿರುಳು ಇರುವುದುಂಟು. ಅದು ಕೊಳೆತದ್ದಲ್ಲ, ಮಣ್ಣಿನಲ್ಲಿ ಬೋರಾನ್ ಎಂಬ ಪೋಷಕಾಂಶ ಕಡಿಮೆಯಾದಾಗ ಮರದ ಮೇಲೇ ಒಳತಿರುಳು ಸಾಯುತ್ತದೆ. ತಿಂದರೆ ಅಪಾಯವಿಲ್ಲದಿದ್ದರೂ ರುಚಿ ಕಹಿ, ಉಪ್ಪಿನಕಾಯಿಗೆ ಹಾಕಿದರೆ ಇಡೀ ಜಾಡಿಯ ಬಣ್ಣ ಕೆಡಿಸುತ್ತದೆ. ಕೈಗೆ ಹಗುರ ಅನ್ನಿಸಿದ ಕಾಯಿ ಒಳಗೆ ಒಣಗಿರುತ್ತದೆ. ಸಿಪ್ಪೆಯ ಮೇಲಿನ ಚಿಕ್ಕ ಕಂದು ಚುಕ್ಕೆ ಪರವಾಗಿಲ್ಲ, ಬೆರಳಿಗೆ ಮೆತ್ತಗೆ ಹತ್ತಿದರೆ ಬಿಟ್ಟುಬಿಡಿ.

ಇನ್ನು ದೀಪ. ಕಾರ್ತಿಕ ಶುಕ್ಲ ದ್ವಾದಶಿಯಂದು, ಅಂದರೆ ಉತ್ಥಾನ ದ್ವಾದಶಿಯಂದು, ತುಳಸಿ ಕಟ್ಟೆಯಲ್ಲಿ ಕಾಯಿ ಸಮೇತ ನೆಲ್ಲಿ ಕೊಂಬೆ ನೆಟ್ಟು, ತುಳಸಿಯ ಜೊತೆ ವಿಷ್ಣುವಿನ ಮದುವೆ ಮಾಡಿಸುವುದು ನಮ್ಮ ಕಡೆಯ ರೂಢಿ. ನೆಲ್ಲಿಯೇ ಅಲ್ಲಿ ವರ. ಶಾಸ್ತ್ರದಲ್ಲಿ ಧಾತ್ರಿ ಎಂದು ಕರೆದು, ಕಾರ್ತಿಕದಲ್ಲಿ ಈ ಮರದ ಕೆಳಗೆ ಪೂಜೆ, ವನಭೋಜನ ಮಾಡುವ ಪದ್ಧತಿಯೂ ಇದೆ. ಕಾಯಿಯನ್ನೇ ಹಣತೆ ಮಾಡಿ ತುಪ್ಪದ ದೀಪ ಇಡುವುದು ಲಕ್ಷ್ಮಿಗೆ ಪ್ರಿಯ ಎಂಬ ನಂಬಿಕೆ ಅದರ ಜೊತೆ ಬಂದದ್ದು.

ದೀಪ ಸೋರುವುದಕ್ಕೆ ಕಾರಣ ಕಾಯಿಯ ರಚನೆಯಲ್ಲೇ ಇದೆ. ನೆಲ್ಲಿಕಾಯಿಯ ಮೈಮೇಲೆ ಆರು ಗೆರೆ ಕಾಣುತ್ತವಲ್ಲ, ಬಿಲ್ಲೆ ತೆಗೆಯುವಾಗ ಚಾಕು ಒತ್ತಿದರೆ ಕಾಯಿ ಆ ಗೆರೆಗುಂಟ ಸೀಳುತ್ತದೆ. ಕಣ್ಣಿಗೆ ಕಾಣದ ಸೀಳಿನಿಂದಲೂ ಬಿಸಿ ತುಪ್ಪ ಜಾರುತ್ತದೆ. ದೊಡ್ಡ ಕಾಯಿ ಆರಿಸಿ, ಕಾಯಿ ಅಲುಗಾಡದೆ ಕೂರುವ ಹಾಗೆ ತಳದಲ್ಲಿ ತೆಳ್ಳಗೆ ಒಂದೇ ಒಂದು ಚೂರು ಸವರಿ. ಮೇಲ್ಭಾಗದಲ್ಲಿ ಕಾಲು ಭಾಗ ಅಡ್ಡಲಾಗಿ ಕತ್ತರಿಸಿ. ಆಮೇಲೆ ಚಾಕುವಿನ ಮೊನೆಯನ್ನು ನೇರವಾಗಿ ಚುಚ್ಚಿ ಸುತ್ತಲೂ ಚಿಕ್ಕ ಚಿಕ್ಕ ಗೀರು ಹಾಕುತ್ತ ಹೋಗಿ, ಟೀ ಚಮಚದ ಅಂಚಿನಿಂದ ತಿರುಳು ಕೆರೆದು ತೆಗೆಯಿರಿ. ಅಂಚಿನಲ್ಲಿ ಅರ್ಧ ಬೆರಳು ದಪ್ಪ ಗೋಡೆ ಉಳಿಯಬೇಕು. ಕೆಳಗೆ ಗಟ್ಟಿ ಬೀಜ ತಗುಲಿದ ಕೂಡಲೇ ನಿಲ್ಲಿಸಿ. ಬೀಜ ಕೀಳಲು ಹೋದರೆ ಆರೂ ಗೆರೆ ಒಟ್ಟಿಗೇ ಬಾಯಿಬಿಡುತ್ತವೆ.

ಚಟಪಟ ಸಿಡಿಯುವುದು ಕಾಯಿಯ ನೀರಿನಿಂದ. ಕೆರೆದ ಕಾಯಿಗಳನ್ನು ಒಣ ಬಟ್ಟೆಯ ಮೇಲೆ ಮಗುಚಿ ಅರ್ಧ ಗಂಟೆ ಬಿಡಿ. ಒಳಭಾಗವನ್ನು ಬಟ್ಟೆಯಿಂದ ಒತ್ತಿ ಒರೆಸಿ, ಗಟ್ಟಿ ತುಪ್ಪವನ್ನು ಬೆರಳಲ್ಲಿ ಒಳಗೋಡೆಗೆ ಸವರಿ. ಉದ್ದ ಬತ್ತಿ ಬೇಡ, ಅದು ಅಂಚಿಗೆ ತಾಗಿ ಕಾಯಿಯನ್ನು ಸುಡುತ್ತದೆ. ಹೂಬತ್ತಿಯನ್ನು ಕರಗಿದ ತುಪ್ಪದಲ್ಲಿ ಅದ್ದಿ, ತಟ್ಟೆಯಲ್ಲಿ ಆರಲು ಬಿಟ್ಟು, ತುಪ್ಪ ಬಿಳಿಯಾಗಿ ಹೆಪ್ಪಾದ ಮೇಲೆ ಕಾಯಿಯೊಳಗೆ ಕೂರಿಸಿ. ನವೆಂಬರಿನ ಬೆಂಗಳೂರಿನ ಚಳಿಗೆ ತುಪ್ಪ ತಾನೇ ಗಟ್ಟಿಯಾಗುವುದರಿಂದ ಸೋರುವುದೂ ನಿಲ್ಲುತ್ತದೆ. ಒಳಗೆ ಹಿಡಿಯುವುದೇ ಅರ್ಧ ಟೀ ಚಮಚ ತುಪ್ಪ, ಹಾಗಾಗಿ ದೀಪ ಹತ್ತು ಹದಿನೈದು ನಿಮಿಷ ಉರಿದರೆ ಅದು ಪೂರ್ತಿ ಉರಿದಂತೆಯೇ. ಬೇಗ ಆರಿತೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಕ್ಕಿ ಹರಡಿದ ತಟ್ಟೆಯ ಮೇಲೆ ಇಟ್ಟರೆ ಅಲುಗುವುದಿಲ್ಲ, ಸೋರಿದ್ದನ್ನು ಅಕ್ಕಿ ಹಿಡಿದುಕೊಳ್ಳುತ್ತದೆ. ಉರಿದ ಕಾಯಿಯನ್ನು ತಿನ್ನಬೇಡಿ, ಗಿಡದ ಬುಡಕ್ಕೆ ಹಾಕಿ. ಕೆರೆದು ತೆಗೆದ ತಿರುಳು ಮಾತ್ರ ಶುದ್ಧವಾದದ್ದು, ಅಂದಿನ ತಂಬುಳಿಗೆ ಆಗುತ್ತದೆ.

ಕೊಂಬೆಯ ಬಗ್ಗೆ ಒಂದು ಮಾತು. ನೆಲ್ಲಿಯ ಎಲೆ ಬಲು ಸಣ್ಣದು, ಕಡಿದ ಒಂದೆರಡು ದಿನಕ್ಕೆ ಉದುರಿಹೋಗುತ್ತದೆ. ಹಬ್ಬದ ಬೆಳಿಗ್ಗೆಯೇ ತನ್ನಿ, ಬುಡವನ್ನು ಓರೆಯಾಗಿ ಕತ್ತರಿಸಿ ನೀರಿನಲ್ಲಿಡಿ. ಮೊಳದುದ್ದದ ಕೊಂಬೆ ಧಾರಾಳ ಸಾಕು. ಹೆಬ್ಬೆರಳು ದಪ್ಪದ ಕೊಂಬೆಗಳನ್ನು ರಾಶಿ ಹಾಕಿ ಮಾರುವವರಿಂದ ಕೊಳ್ಳದಿದ್ದರೆ ಒಳಿತು. ಹಾಗೆ ತರಿದ ಮರ ಮುಂದಿನ ವರ್ಷ ಕಾಯಿ ಬಿಡಲು ಒದ್ದಾಡುತ್ತದೆ.

ಭಾನುವಾರ ಮತ್ತು ರಾತ್ರಿಯ ನಿಷೇಧ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಭಾನುವಾರ, ಸಪ್ತಮಿ ಮುಂತಾದ ದಿನಗಳಲ್ಲಿ ನೆಲ್ಲಿ ವರ್ಜ್ಯ ಎನ್ನುವುದು ಧರ್ಮಶಾಸ್ತ್ರದ, ಮನೆತನದ ಆಚರಣೆ. ದ್ವಾದಶಿ ಪಾರಣೆಯ ಎಲೆಯ ಮೇಲೆ ಅಗಸೆ ಸೊಪ್ಪು, ನೆಲ್ಲಿಕಾಯಿ ಇರಲೇಬೇಕು ಅನ್ನುವ ಮನೆಗಳಿವೆಯಲ್ಲ, ಇದೂ ಅದೇ ಬಗೆಯದು. ದೇಹಕ್ಕೆ ಭಾನುವಾರ ಬೇರೆ, ಸೋಮವಾರ ಬೇರೆ ಅಲ್ಲ. ನಿಮ್ಮ ಮನೆಯಲ್ಲಿ ನಡೆದುಬಂದಿದ್ದರೆ ನಡೆಸಿ, ಆರು ದಿನ ತಿಂದರೂ ಕಡಿಮೆಯಾಗುವುದೇನಿಲ್ಲ. ರಾತ್ರಿಯ ಮಾತು ಹಾಗಲ್ಲ. ಹುಳಿ ತಿಂದು ಮಲಗಿದರೆ ಹುಳಿತೇಗು, ಎದೆಯುರಿ ಇರುವವರಿಗೆ ಅದು ಕೆರಳುತ್ತದೆ. ಮಲಗಿದಾಗ ಬಾಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿನ ಮೇಲೆ ಆಮ್ಲ ಹೆಚ್ಚು ಹೊತ್ತು ನಿಲ್ಲುತ್ತದೆ. ಮಧ್ಯಾಹ್ನದ ಊಟದ ಜೊತೆ ತಿಂದರೆ ಎರಡು ತೊಂದರೆಯೂ ಇಲ್ಲ. ತಿಂದ ಕೂಡಲೇ ಹಲ್ಲುಜ್ಜಬೇಡಿ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ.

ಮಾವನವರ ವಿಷಯಕ್ಕೆ ಬರೋಣ, ಇದನ್ನು ಗಮನವಿಟ್ಟು ಓದಿ. ತಳಿ, ಮಾಗಿದ ಹದ, ಅಳೆದ ವಿಧಾನ ನೋಡಿಕೊಂಡು 100 ಗ್ರಾಂ ನೆಲ್ಲಿಕಾಯಿಯಲ್ಲಿ ಸುಮಾರು 200ರಿಂದ 600 ಮಿಲಿಗ್ರಾಂ ಸಿ ಜೀವಸತ್ವ ಸಿಕ್ಕ ದಾಖಲೆಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕು. ಅಂದರೆ 40 ಗ್ರಾಂನ ಒಂದು ತೋಟದ ಕಾಯಿಯಲ್ಲೇ ಒಂದು ದಿನದ ಲೆಕ್ಕ ಮುಗಿಯಿತು. ಬೆಳಿಗ್ಗೆ ಲಾಲ್‌ಬಾಗಿನ ಗೇಟಿನಲ್ಲಿ ಲೋಟಗಟ್ಟಲೆ ರಸ ಕುಡಿಯುವವರಿಗೆ ಸಿಗುವ ಹೆಚ್ಚುವರಿ ಸಿ ಮೂತ್ರದಲ್ಲಿ ಹೋಗುತ್ತದೆ. ಅದರಲ್ಲಿ ಒಂದಂಶ ದೇಹದಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಆಗುತ್ತದೆ. ಆದ್ದರಿಂದ ಮೂತ್ರಪಿಂಡದಲ್ಲಿ ಕಲ್ಲು ಆದವರು, ಮೂತ್ರಪಿಂಡದ ಶಕ್ತಿ ಕುಂದಿದವರು ರಸದ ತಂಟೆಗೆ ಹೋಗಬಾರದು.

ಸಕ್ಕರೆ ಕಾಯಿಲೆಗೆ ಆಯುರ್ವೇದದಲ್ಲಿ ಅರಿಶಿನ ಮತ್ತು ನೆಲ್ಲಿ ಸೇರಿದ ನಿಶಾಮಲಕಿ ಪ್ರಸಿದ್ಧ ಯೋಗ. ನೆಲ್ಲಿ ಸಕ್ಕರೆಯನ್ನು ಸ್ವಲ್ಪ ಇಳಿಸಬಹುದು ಎಂದು ಸೂಚಿಸುವ ಚಿಕ್ಕ ಪ್ರಮಾಣದ ಅಧ್ಯಯನಗಳೂ ಇವೆ. ಆದರೆ ಮಾತ್ರೆಯ ಜಾಗದಲ್ಲಿ ಅದನ್ನು ಇಡುವಷ್ಟು ಬಲ ಅವುಗಳಿಗಿಲ್ಲ. ನೆಲ್ಲಿ ಕೊಡುತ್ತಿದ್ದೇವೆಂದು ಮಾತ್ರೆ ಬಿಡಿಸಬೇಡಿ. ಮಾತ್ರೆ ನುಂಗುತ್ತಲೇ ಪುಡಿ, ರಸ ಸೇರಿಸಿದರೆ ಸಕ್ಕರೆ ಜಾಸ್ತಿ ಇಳಿದು ಬೆವರು, ನಡುಕ ಬರುವ ಸಂಭವವಿದೆ. ಶುರುಮಾಡಿದ ಮೊದಲ ವಾರ ಗ್ಲೂಕೋಮೀಟರ್‌ನಲ್ಲಿ ನೋಡುತ್ತಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಅದು ವಾರ್ಫರಿನ್ ಆಗಲಿ, ಕ್ಲೋಪಿಡೋಗ್ರೆಲ್ ಆಗಲಿ, ಆಸ್ಪಿರಿನ್ ಆಗಲಿ, ಇದ್ದವರಿಗೆ ನೆಲ್ಲಿಯ ಪುಡಿ, ರಸ, ಕ್ಯಾಪ್ಸೂಲ್ ಯಾವುದನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ನೆಲ್ಲಿ ತಗ್ಗಿಸುವ ಲಕ್ಷಣ ಕಂಡಿದೆ, ಎರಡೂ ಸೇರಿದರೆ ರಕ್ತಸ್ರಾವದ ಭಯ ಹೆಚ್ಚು. ಊಟದಲ್ಲಿ ಚಿತ್ರಾನ್ನ, ತಂಬುಳಿ, ಎರಡು ಹೋಳು ಉಪ್ಪಿನಕಾಯಿ ಎಂದರೆ ಅಡುಗೆಯ ಪ್ರಮಾಣ. ಅದನ್ನು ವೈದ್ಯರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ, ಆದರೂ ಮುಂದಿನ ಸಲ ಹೋದಾಗ ಹೇಳಿ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದರೆ ಇನ್ನೂ ಮುಂಚೆಯೇ ಹೇಳಿ.

ಮನೆಯಲ್ಲಿ ಯಾರಾದರೂ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಣ ನೆಲ್ಲಿ ಪುಡಿ, ತ್ರಿಫಲಾ ಕಷಾಯವನ್ನು ಮಾತ್ರೆಯಿಂದ ಎರಡು ಗಂಟೆ ದೂರವಿಡಿ. ಸಿ ಜೀವಸತ್ವ ಕಬ್ಬಿಣ ಹೀರಲು ಸಹಾಯ ಮಾಡುತ್ತದೆ ನಿಜ, ಆದರೆ ಒಣಗಿದ ಮೇಲೆ ಸಿ ಇಳಿದು ಟ್ಯಾನಿನ್ ಮೇಲುಗೈ ಆಗುತ್ತದೆ, ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಪುಡಿಯ ರೂಢಿಯ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ, ಅಂದರೆ ಒಂದರಿಂದ ಎರಡು ಟೀ ಚಮಚ. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಸೇರಿದ ತ್ರಿಫಲಾ ಪುಡಿ ಮಲಬದ್ಧತೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮನೆಯಲ್ಲಿ ನೆನೆಸಿ ಸೋಸಿದ ತ್ರಿಫಲಾ ನೀರನ್ನು ಕಣ್ಣಿಗೆ ಬಿಟ್ಟುಕೊಳ್ಳುವುದನ್ನು ದಯವಿಟ್ಟು ಮಾಡಬೇಡಿ. ಸೋಸಿದ್ದು ಶುಚಿಯಾದದ್ದಲ್ಲ, ಕಣ್ಣಿನ ಕರಿಗುಡ್ಡೆಗೆ ಸೋಂಕು ತಗುಲಿದರೆ ದೃಷ್ಟಿಗೇ ಕುತ್ತು. ಚ್ಯವನಪ್ರಾಶವನ್ನು ಮನೆಯಲ್ಲಿ ಮಾಡುವ ಆಸೆಯೂ ಬೇಡ. ಚರಕಸಂಹಿತೆಯ ಯೋಗಕ್ಕೆ 500 ನೆಲ್ಲಿಕಾಯಿ, ದಶಮೂಲ ಸೇರಿ ಹತ್ತಾರು ಮೂಲಿಕೆ, ತುಪ್ಪ, ಎಳ್ಳೆಣ್ಣೆ, ಸಕ್ಕರೆ, ಜೇನು ಬೇಕು. ಅವುಗಳಿಲ್ಲದೆ ಮಾಡಿದ್ದು ಬರೀ ನೆಲ್ಲಿ ಹಲ್ವ. ಅಂಗಡಿಯದ್ದರಲ್ಲಿ ಸಕ್ಕರೆಯೇ ಹೆಚ್ಚು, ಮಾವನವರಿಗೆ ಅದು ಬೇಡವೇ ಬೇಡ. ಕಾಮಾಲೆಗೆ ಕೊಡುವ ನೆಲನೆಲ್ಲಿ ಬೇರೆಯೇ ಒಂದು ಚಿಕ್ಕ ಗಿಡ; ಹೆಸರು ಕೇಳಿ ಈ ಕಾಯಿಯನ್ನು ಕಾಮಾಲೆಗೆ ಮದ್ದೆಂದುಕೊಳ್ಳಬೇಡಿ.

ಅತ್ತೆಯವರ ಉಪ್ಪುನೀರಿನ ಜಾಡಿಯನ್ನು ಬೆಳಕಿಗೆ ತಂದು ನೋಡಿ. ಪೊರೆ ತೆಳ್ಳಗೆ, ಬಿಳಿ, ಚಪ್ಪಟೆಯಾಗಿ, ಚಮಚದಲ್ಲಿ ಎತ್ತಿದರೆ ಸುಕ್ಕಾಗಿ ಬರುತ್ತಿದ್ದರೆ ಅದು ಕಾಡು ಯೀಸ್ಟ್. ವಿಷವಲ್ಲ, ಆದರೆ ಬಿಟ್ಟರೆ ಹುಳಿಯನ್ನು ತಿಂದುಹಾಕಿ ಮುಂದೆ ಬೂಸ್ಟಿಗೆ ದಾರಿ ಮಾಡಿಕೊಡುತ್ತದೆ. ಪೊರೆಯ ಮೇಲೆ ನವಿರು ಕೂದಲು ಎದ್ದಿದ್ದರೆ, ಹಸಿರು, ಕಪ್ಪು, ಗುಲಾಬಿ ಬಣ್ಣ ಕಂಡರೆ, ಕಾಯಿ ಲೋಳೆಯಾಗಿದ್ದರೆ, ಮೂಗು ಮುಚ್ಚುವ ವಾಸನೆ ಇದ್ದರೆ ಇಡೀ ಜಾಡಿ ಚೆಲ್ಲಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಲೋಭ ಬೇಡ.

ಬರೀ ಪೊರೆಯಾದರೆ ಉಳಿಸಬಹುದು. ಪೊರೆ ತೆಗೆದು, ಕಾಯಿಗಳನ್ನು ಹೊರಗೆ ತೆಗೆದು, ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯಿರಿ. ಹಳೆಯ ನೀರನ್ನು ಸೋಸಿ, ಲೀಟರಿಗೆ ಇನ್ನೂ ಎರಡು ದೊಡ್ಡ ಚಮಚ ಕಲ್ಲುಪ್ಪು ಹಾಕಿ ಐದು ನಿಮಿಷ ಕುದಿಸಿ, ಪೂರ್ತಿ ಆರಿದ ಮೇಲೆ ಬಿಸಿಲಲ್ಲಿ ಒಣಗಿಸಿದ ಜಾಡಿಯಲ್ಲಿ ಕಾಯಿಯ ಮೇಲೆ ಸುರಿಯಿರಿ.

ಪೊರೆ ಬರಲು ಉಪ್ಪಿನ ಲೆಕ್ಕ ತಪ್ಪುವುದೇ ಹೆಚ್ಚಿನ ಸಲ ಕಾರಣ. ನೆಲ್ಲಿಕಾಯಿಯಲ್ಲಿ ಶೇಕಡಾ 80ರಷ್ಟು ನೀರಿದೆ. ಒಂದು ಕಿಲೋ ಕಾಯಿಗೆ ಒಂದು ಲೀಟರ್ ನೀರು, 50 ಗ್ರಾಂ ಉಪ್ಪು ಹಾಕಿದರೆ ನಾಲಿಗೆಗೆ ಅವತ್ತು ಉಪ್ಪಾಗಿಯೇ ಇರುತ್ತದೆ. ಹತ್ತು ದಿನದಲ್ಲಿ ಕಾಯಿಯ ನೀರು ಹೊರಬಂದು, ಉಪ್ಪು ಒಳಗೆ ಹೋಗಿ, ಉಳಿಯುವುದು ಶೇಕಡಾ 3ಕ್ಕಿಂತ ಕಡಿಮೆ. ಯೀಸ್ಟಿಗೆ ಅದು ಹಬ್ಬ. ಅದೇ ಅಳತೆಗೆ 120 ಗ್ರಾಂ ಕಲ್ಲುಪ್ಪು ಹಾಕಿದರೆ ಕೊನೆಗೆ ಶೇಕಡಾ 6ಕ್ಕೂ ಮೇಲೆ ನಿಲ್ಲುತ್ತದೆ. ಅಯೋಡಿನ್ ಇಲ್ಲದ ಕಲ್ಲುಪ್ಪು, ಒಂದು ಟೀ ಚಮಚ ಅರಿಶಿನ, ಸೀಳಿದ ಎಂಟು ಹಸಿಮೆಣಸಿನಕಾಯಿ ಸಾಕು. ಎರಡನೆಯ ಕಾರಣ ತೇಲುವ ಕಾಯಿ. ನೀರಿನ ಮೇಲೆ ತಲೆ ಎತ್ತಿದ ಕಾಯಿಯ ಮೇಲೇ ಮೊದಲ ಪೊರೆ ಕೂರುತ್ತದೆ. ಜಾಡಿಯ ಬಾಯಿಗೆ ಹೊಂದುವ ಪಿಂಗಾಣಿ ತಟ್ಟೆಯೊಂದನ್ನು ಮೇಲಿಟ್ಟು ಮುಳುಗಿಸಿ. ಕಾಯಿಯನ್ನು ಇಡಿಯಾಗಿ ಹಾಕುವುದಾದರೆ ಎರಡು ನಿಮಿಷ ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ, ಉಪ್ಪು ಬೇಗ ಇಳಿಯುತ್ತದೆ. ಎರಡು ವಾರಕ್ಕೆ ಹದ ಬರುತ್ತದೆ. ರಕ್ತದೊತ್ತಡ ಇದ್ದವರು ದಿನಕ್ಕೊಂದು ಕಾಯಿಯನ್ನೂ ನೀರಲ್ಲಿ ಹತ್ತು ನಿಮಿಷ ನೆನೆಸಿಯೇ ತಿನ್ನಬೇಕು.

ಪಾತ್ರೆಯ ವಿಷಯ ಮರೆಯಬೇಡಿ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಹುರಿದರೆ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಶಾಯಿಯ ಹಾಗೆ ಕಪ್ಪಾಗುತ್ತದೆ. ತಾಮ್ರ, ಹಿತ್ತಾಳೆ ಸಿ ಜೀವಸತ್ವವನ್ನು ಬೇಗ ನಾಶಮಾಡುತ್ತವೆ, ಲೋಹವೂ ಹುಳಿಗೆ ಕರಗುತ್ತದೆ. ಅಲ್ಯೂಮಿನಿಯಂ ಕೂಡ ಬೇಡ. ಸ್ಟೀಲು, ಗಾಜು, ಪಿಂಗಾಣಿ ಜಾಡಿ ಸರಿ. ಕಪ್ಪಾಗುವ ಇದೇ ಗುಣವನ್ನು ಕೂದಲೆಣ್ಣೆಗೆ ಬೇಕೆಂದೇ ಬಳಸುತ್ತಾರೆ. 250 ಮಿಲಿ ಕೊಬ್ಬರಿ ಎಣ್ಣೆಗೆ ಅರ್ಧ ಕಿಲೋ ಕಾಯಿಯ ರಸ ಹಾಕಿ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ. ನೊರೆ, ಗುಳ್ಳೆ ಪೂರ್ತಿ ನಿಲ್ಲಬೇಕು. ಬತ್ತಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿದಾಗ ಚಟಪಟ ಶಬ್ದ ಬಂದರೆ ನೀರಿನಂಶ ಇನ್ನೂ ಇದೆ, ಆ ಎಣ್ಣೆ ವಾರದಲ್ಲಿ ಕಮಟು ಹತ್ತುತ್ತದೆ; ಶಬ್ದವಿಲ್ಲದೆ ಉರಿದರೆ ಇಳಿಸಿ. ನೆರೆತ ಕೂದಲು ಇದರಿಂದ ಬುಡದಿಂದ ಕಪ್ಪಾಗಿ ಬೆಳೆಯುವುದಿಲ್ಲ, ಎಣ್ಣೆಯ ಬಣ್ಣ ಮೇಲೆ ಸ್ವಲ್ಪ ಹತ್ತುತ್ತದೆ ಅಷ್ಟೇ.

ಚಿತ್ರಾನ್ನಕ್ಕೆ ನಾಲ್ಕು ದೊಡ್ಡ ಕಾಯಿ, ಒಂದು ಪಾವು ಅಕ್ಕಿಯ ಉದುರು ಅನ್ನ. ಕಾಯಿ ತುರಿದು, ಕಾಲು ಬಟ್ಟಲು ತೆಂಗಿನ ತುರಿ, ಮೂರು ಹಸಿಮೆಣಸು, ಅರ್ಧ ಟೀ ಚಮಚ ಹಸಿ ಸಾಸಿವೆ ಸೇರಿಸಿ ನೀರು ಹಾಕದೆ ತರಿತರಿಯಾಗಿ ರುಬ್ಬಿ. ಒಗ್ಗರಣೆಗೆ ಕಡಲೆಕಾಯಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವು, ಇಂಗು, ಅರಿಶಿನ. ರುಬ್ಬಿದ್ದನ್ನು ಹಾಕಿ ಎರಡೇ ನಿಮಿಷ ಬಾಡಿಸಿ ಒಲೆ ಆರಿಸಿ. ಜಾಸ್ತಿ ಹುರಿದರೆ ಸಾಸಿವೆ ಕಹಿಯಾಗುತ್ತದೆ, ಅದನ್ನು ನೆಲ್ಲಿಕಾಯಿಯ ಕಹಿ ಎಂದು ಎಷ್ಟೋ ಜನ ತಪ್ಪು ತಿಳಿಯುತ್ತಾರೆ. ಅನ್ನ ಆರಿರಬೇಕು. ಕಲಸಿದ ಮೇಲೆ ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ಹುಳಿ, ಉಪ್ಪು ಅನ್ನದೊಳಗೆ ಇಳಿಯುತ್ತದೆ. ಮಾವಿನಕಾಯಿ ಚಿತ್ರಾನ್ನಕ್ಕಿಂತ ಇದು ಒಂದು ಕೈ ಮೇಲೆಂದೇ ನಮ್ಮ ಅಭಿಪ್ರಾಯ, ಒಗರು ಬಾಯಲ್ಲಿ ಉಳಿದು ಮೇಲೆ ಮಜ್ಜಿಗೆ ಕುಡಿದರೆ ಅದರ ಸೊಗಸೇ ಬೇರೆ.

ತಂಬುಳಿಗೆ ಎರಡು ಕಾಯಿ, ತುಪ್ಪದಲ್ಲಿ ಹುರಿದ ಅರ್ಧ ಚಮಚ ಜೀರಿಗೆ, ಆರು ಕಾಳು ಮೆಣಸು, ಕಾಲು ಬಟ್ಟಲು ತೆಂಗಿನ ತುರಿ ನುಣ್ಣಗೆ ರುಬ್ಬಿ, ಊಟಕ್ಕೆ ಕೂರುವ ಹೊತ್ತಿಗೆ ಒಂದು ಲೋಟ ಸಿಹಿ ಮಜ್ಜಿಗೆಯಲ್ಲಿ ಕಲಸಿ. ಮುಂಚೆಯೇ ಕಲಸಿಟ್ಟರೆ, ಬಿಸಿ ಮಾಡಿದರೆ ಮಜ್ಜಿಗೆ ಒಡೆಯುತ್ತದೆ.

ಯುಗಾದಿಗೆ ಉಳಿಯುವಂಥದ್ದು ಎಂದರೆ ಮೊದಲು ನೆನಪಾಗಬೇಕಾದದ್ದು ನೆಲ್ಲಿ ಚಟ್ಟು. ಬೆಂಗಳೂರಿನ ಮನೆಗಳಲ್ಲಿ ಕಡಿಮೆಯಾಗುತ್ತಿದೆ, ಆಗಬಾರದು. ಒಂದು ಕಿಲೋ ಬೆಟ್ಟದ ನೆಲ್ಲಿಯನ್ನು ತೊಳೆದು, ಒರೆಸಿ, ಒಂದು ಗಂಟೆ ಗಾಳಿಗೆ ಹರಡಿ. 100 ಗ್ರಾಂ ಉಪ್ಪು, ಹತ್ತು ಹಸಿಮೆಣಸು, ಒಂದು ಚಮಚ ಅರಿಶಿನ, ಕಡಲೆಕಾಳಿನಷ್ಟು ಇಂಗು ಸೇರಿಸಿ ಕಲ್ಲಿನ ಒರಳಲ್ಲಿ ಜಜ್ಜಿ, ಬೀಜ ಆರಿಸಿ ತೆಗೆಯಿರಿ. ಜಾಡಿಯಲ್ಲಿ ಮೂರು ದಿನ, ದಿನಕ್ಕೆ ಎರಡು ಸಲ ಒಣ ಮರದ ಸೌಟಿನಿಂದ ಕೆದಕುತ್ತಿರಿ. ನಾಲ್ಕನೆಯ ದಿನ ಚಿಕ್ಕ ವಡೆಯಷ್ಟು ತಟ್ಟಿ ಬಿಸಿಲಿಗಿಡಿ. ನವೆಂಬರ್ ಡಿಸೆಂಬರಿನಲ್ಲಿ ಇಲ್ಲಿ ಮೋಡ, ಇಬ್ಬನಿ ಎರಡೂ ಕಾಡುತ್ತವೆ, ಸಂಜೆ ನಾಲ್ಕೂವರೆಗೆ ಒಳಗೆ ತನ್ನಿ, ಇಬ್ಬನಿ ಬಿದ್ದರೆ ಮರುದಿನದ ಬಿಸಿಲು ಅದನ್ನು ಒಣಗಿಸುವುದರಲ್ಲೇ ಕಳೆಯುತ್ತದೆ. ದಪ್ಪ ತಟ್ಟಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಬೂಸ್ಟು ಹಿಡಿಯುತ್ತದೆ. ಬೆರಳಲ್ಲಿ ಮುರಿದರೆ ಪಟ್ಟೆಂದು ಮುರಿಯಬೇಕು, ಬಾಗಬಾರದು. ಕಿಲೋಗೆ 250 ಗ್ರಾಂ ಆಸುಪಾಸು ಸಿಗುತ್ತದೆ. ಬೇಸಿಗೆಯಲ್ಲಿ ಒಂದು ಚೂರು ನೆನೆಸಿ ರುಬ್ಬಿದರೆ ತಂಬುಳಿ, ಗೊಜ್ಜು ಎರಡೂ ಆಗುತ್ತದೆ. ಸಿ ಜೀವಸತ್ವ ಬಿಸಿಲಿಗೆ ಬಹಳಷ್ಟು ಹೋಗಿರುತ್ತದೆ, ಒಗರು ಹಾಗೇ ಇರುತ್ತದೆ.

ಉಪ್ಪಿನಕಾಯಿಗೆ ಕಾಯಿಯನ್ನು ನೀರಲ್ಲಿ ಬೇಯಿಸಬೇಡಿ, ಸತ್ವವೆಲ್ಲ ನೀರಿಗೆ ಹೋಗುತ್ತದೆ. ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿಟ್ಟರೆ ತೊಳೆಗಳು ಬಾಯಿಬಿಡುತ್ತವೆ, ಬೀಜ ತಾನೇ ಬಿಟ್ಟುಕೊಳ್ಳುತ್ತದೆ. ಒಂದು ಕಿಲೋಗೆ 120 ಗ್ರಾಂ ಉಪ್ಪು, 80 ಗ್ರಾಂ ಮೆಣಸಿನ ಪುಡಿ (ಬ್ಯಾಡಗಿ ಮುಕ್ಕಾಲು, ಗುಂಟೂರು ಕಾಲು), 30 ಗ್ರಾಂ ಸಾಸಿವೆ ಪುಡಿ, ಹುರಿದ 10 ಗ್ರಾಂ ಮೆಂತ್ಯದ ಪುಡಿ, 250 ಮಿಲಿ ಎಳ್ಳೆಣ್ಣೆ. ಹಬೆಯಿಂದ ತೆಗೆದ ತೊಳೆಗಳನ್ನು ಬಟ್ಟೆಯ ಮೇಲೆ ಎರಡು ಮೂರು ಗಂಟೆ ಆರಿಸುವುದೇ ಗುಟ್ಟು. ಬಿಸಿಯಾಗಿ ಜಾಡಿಗೆ ತುಂಬಿ ಮುಚ್ಚಳ ಹಾಕಿದರೆ ಒಳಗೆ ಹನಿ ಕಟ್ಟುತ್ತದೆ, ಬೂಸ್ಟು ಅಲ್ಲಿಂದ ಶುರು. ಮೆಂತ್ಯ ಕೆಂಪಾದ ಕೂಡಲೇ ಇಳಿಸಿ, ಕಪ್ಪಾದರೆ ಜಾಡಿಯೆಲ್ಲ ಕಹಿ. ಎಣ್ಣೆ ಒಂದು ಬೆರಳು ಮೇಲೆ ನಿಲ್ಲಬೇಕು.

ಮಕ್ಕಳಿಗೆ ಮೊರಬ್ಬ ಮಾಡುವುದಾದರೆ ಕಾಯಿ ಮುದುಡುವುದೇ ಎಲ್ಲರ ದೂರು. ನೇರವಾಗಿ ಗಟ್ಟಿ ಪಾಕಕ್ಕೆ ಹಾಕಿದರೆ ಸಕ್ಕರೆ ಒಳಗೆ ಹೋಗುವ ಮುಂಚೆ ಕಾಯಿಯ ನೀರು ಹೊರಗೆ ಬಂದುಬಿಡುತ್ತದೆ, ಅದಕ್ಕೇ ಮುದುಡುವುದು. ಒಂದು ಕಿಲೋ ಕಾಯಿಯನ್ನು ಬೀಜ ಮುಟ್ಟುವವರೆಗೆ ಫೋರ್ಕಿನಿಂದ ಸುತ್ತಲೂ ಚುಚ್ಚಿ, ಲೀಟರಿಗೆ 20 ಗ್ರಾಂ ಉಪ್ಪಿನ ನೀರಿನಲ್ಲಿ ಒಂದು ದಿನ ಇಟ್ಟು ತೊಳೆಯಿರಿ. ಕುದಿವ ನೀರಲ್ಲಿ ಮೂರರಿಂದ ಐದು ನಿಮಿಷ, ಗೆರೆಗಳು ಕಾಣಿಸಿಕೊಳ್ಳುವವರೆಗೆ ಮಾತ್ರ. ಒಂದು ಕಿಲೋ ಸಕ್ಕರೆಯನ್ನು ಪದರ ಪದರವಾಗಿ ಹಾಕಿ ರಾತ್ರಿಯಿಡೀ ಬಿಡಿ. ಮರುದಿನ ಕರಗಿದ ಪಾಕವನ್ನು ಮಾತ್ರ ಬಸಿದು ಹತ್ತು ನಿಮಿಷ ಕುದಿಸಿ ಮತ್ತೆ ಕಾಯಿಯ ಮೇಲೆ ಸುರಿಯಿರಿ. ಹೀಗೆ ಮೂರು ನಾಲ್ಕು ದಿನ, ಪಾಕ ಒಂದೆಳೆ ಬರುವವರೆಗೆ. ಜೇನಿನಲ್ಲಿ ನೆನೆಹಾಕಿದ್ದು ನೊರೆ ಬರುವುದೂ ನೀರಿನಿಂದಲೇ: ಹಸಿ ಕಾಯಿಯ ನೀರು ಜೇನನ್ನು ತೆಳುಮಾಡಿದರೆ ಅದು ಹುದುಗುತ್ತದೆ. ಹೋಳುಗಳನ್ನು ನೆರಳಲ್ಲಿ ಎರಡು ದಿನ ಬಾಡಿಸಿ ಹಾಕಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು.

ಸಂಪಿನ ವಿಷಯ. ಮಲೆನಾಡು, ಕರಾವಳಿಯ ಬಾವಿಗಳಿಗೆ ನೆಲ್ಲಿ ಮರದ ತುಂಡು ಹಾಕುವ ಪದ್ಧತಿ ಇದೆ. ತೆರೆದ ಬಾವಿಯಲ್ಲಿ ನೀರು ಬರುತ್ತ ಹೋಗುತ್ತ ಇರುತ್ತದೆ. ಮುಚ್ಚಿದ ಸಂಪಿನ ಕಥೆಯೇ ಬೇರೆ. ಹಸಿ ಕೊಂಬೆ, ಎಲೆ ಅಲ್ಲಿ ಕೊಳೆಯುತ್ತದೆ, ಕಾವೇರಿ ನೀರಿನ ಜೊತೆ ಬಂದ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ, ನೀರು ಕಾಯಲು ಏನೂ ಉಳಿಯುವುದಿಲ್ಲ. ಬೋರ್ ನೀರಿನ ಗಡಸು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿಂದ ಬರುವುದು, ಕೊಂಬೆಯಿಂದ ಅದು ಹೋಗುವುದಿಲ್ಲ. ನೆಲ್ಲಿಕಾಯಿ ಅಗಿದು ಕುಡಿದರೆ ಸಿಹಿ ಅನ್ನಿಸುವುದು ನಿಮ್ಮ ನಾಲಿಗೆಗೆ, ನೀರು ಬದಲಾಗಿರುವುದಿಲ್ಲ. ಕೊಂಬೆ ಹಾಕಬೇಡಿ. ಮನೆಯ ಮುಂದೆ ಮರ ನೆಡುವ ಆಸೆಯಿದ್ದರೆ ಒಂದೇ ಕಸಿ ಗಿಡ ನೆಟ್ಟು ಹೂ ಬಿಟ್ಟರೂ ಕಾಯಿ ಇಲ್ಲವೆಂದು ಕೊರಗುವವರು ಬಹಳ. ಬೇರೆ ತಳಿಯ ಪರಾಗ ಬೇಕು, ಹತ್ತಿರದಲ್ಲಿ ಇನ್ನೊಂದು ತಳಿ ಇರಲಿ. ಮೂವತ್ತು ನಲವತ್ತರ ಸೈಟಿಗೆ ಎರಡು ನೆಲ್ಲಿ ಮರ ಜಾಸ್ತಿಯೇ, ಪಕ್ಕದ ಮನೆಯವರನ್ನೂ ಒಂದು ನೆಡಲು ಒಪ್ಪಿಸಿ.

ಕೊನೆಗೆ ಉಳಿದ ಹತ್ತಿಪ್ಪತ್ತು ಕಾಯಿ. ತೂತಿರುವ ಕವರಿನಲ್ಲಿ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿಟ್ಟರೆ ಎರಡು ವಾರ ತಾಳುತ್ತದೆ. ಅದಕ್ಕೂ ಹೆಚ್ಚು ಬೇಕಾದರೆ ಬೀಜ ತೆಗೆದು ತುರಿದು, ಇಡ್ಲಿ ಗುಳಿಯಷ್ಟು ಚಿಕ್ಕ ಚಿಕ್ಕ ಉಂಡೆ ಮಾಡಿ ತಟ್ಟೆಯಲ್ಲಿ ಫ್ರೀಜರಿಗಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಹೊರಗೆ ಕರಗಿಸಲು ಬಿಡಬೇಡಿ, ಕರಗುತ್ತಲೇ ಕಂದಾಗುತ್ತದೆ. ಗಟ್ಟಿ ಉಂಡೆಯನ್ನೇ ಒಗ್ಗರಣೆಗೆ ಹಾಕಿ.